ಅವ್ವ ಹಾಕಿದ ಸಹಿ

ನಮ್ಮ ಮನೆಯ ಪಡಸಾಲೆ ವಾರದಲ್ಲಿ ಆರು ದಿನ ನಮ್ಮದು, ಭಾನುವಾರ ಸಭೆಯದು. ಶನಿವಾರ ಸಂಜೆಯೇ ಅವ್ವ ಭತ್ತದ ಚೀಲಗಳನ್ನು ಒಳಕೋಣೆಗೆ ಎಳೆದು, ನೆಲ ಸಾರಿಸಿ, ಮೂರು ಈಚಲು ಚಾಪೆ ಹಾಸಿಡುತ್ತಿದ್ದಳು. ಮೇಲೆ ಮಣ್ಣಿನ ಮಾಳಿಗೆ, ಎದುರಿನ ಗೋಡೆಗೆ ಅಪ್ಪ ಬೇವಿನ ಕಟ್ಟಿಗೆಯಲ್ಲಿ ತಾನೇ ಮಾಡಿ ಹೊಡೆದ ಶಿಲುಬೆ. ಜವಳಗೇರಾದಿಂದ ಕಾಲುವೆಯ ಗುಂಟ ಮುಕ್ಕಾಲು ತಾಸು ನಡೆದರೆ ನಮ್ಮೂರು, ಊರಿನ ತಗ್ಗಿನ ಬದಿಗೆ ನಮ್ಮ ಕೇರಿ. ಕೇರಿಯಲ್ಲಿ ಒಂದು ಹದಿನಾಲ್ಕು ಮನೆಯವರು ಸಭೆಗೆ ಬರುತ್ತಿದ್ದರು, ಉಳಿದವರು ಬರುತ್ತಿರಲಿಲ್ಲ. ಎರಡೂ ಕಡೆಯವರು ಒಂದೇ ಬಳ್ಳಿಯವರೇ. ಅವ್ವನ ಅಕ್ಕ, ನನ್ನ ದೊಡ್ಡವ್ವ ಹುಲಿಗೆಮ್ಮ, ಮಂಗಳವಾರ ದೇವಿಗೆ ಒಪ್ಪತ್ತು ಇರುತ್ತಿದ್ದಳು, ಭಾನುವಾರ ನಮ್ಮ ಹೊಸ್ತಿಲ ಹೊರಗೆ ಕೂತು ಹಾಡು ಕೇಳುತ್ತಿದ್ದಳು. ಹಾಡು ಮುಗಿದು ಅಪ್ಪ ಬೈಬಲಿನ ವಾಕ್ಯ ಓದಲು ಎದ್ದ ಕೂಡಲೇ ಸೆರಗು ಕೊಡವಿ ಎದ್ದು ಹೋಗುತ್ತಿದ್ದಳು.

ಮನೆಯಲ್ಲಿ ನಾನು ರೂತಮ್ಮ, ಶಾಲೆಯ ಹಾಜರಿಯಲ್ಲಿ ರೇಣುಕಾ. ಅಪ್ಪ ಸಭೆಯಲ್ಲಿ ಯೋಹಾನಪ್ಪ, ಕಾಲುವೆಯ ಕೆಲಸದ ಹಾಜರಿಯಲ್ಲಿ ಯಮನಪ್ಪ. ಅವ್ವ ಮಾತ್ರ ಎರಡೂ ಕಡೆ ಶಾಂತಮ್ಮ. ಕಾಗದದ ಮೇಲೆ ನಾವೆಲ್ಲರೂ ಹಿಂದೂ, ಪರಿಶಿಷ್ಟ ಜಾತಿ. ಕ್ರೈಸ್ತ ಎಂದು ಬರೆಸಿದರೆ ಆ ಜಾತಿಯ ಪತ್ರ ಸಿಗುವುದಿಲ್ಲ. ಸರಕಾರದ ದೃಷ್ಟಿಯಲ್ಲಿ ಮತ ಬಿಟ್ಟವನ ಜಾತಿಯೂ ಬಿಟ್ಟು ಹೋಗುತ್ತದೆ. ಊರಿನ ಹೋಟೆಲಿನಲ್ಲಿ ಮಾತ್ರ ಅಪ್ಪ ವಾಕ್ಯ ಓದುವವನೆಂದು ಯಾರೂ ಅವನಿಗೆ ಬೇರೆ ಲೋಟ ಇಡುವುದನ್ನು ನಿಲ್ಲಿಸಿರಲಿಲ್ಲ. ಇದನ್ನೆಲ್ಲ ನಾನು ಬಾಲ್ಯದಲ್ಲಿ ಯಾವ ತೊಂದರೆಯೂ ಇಲ್ಲದೆ ಒಪ್ಪಿಕೊಂಡಿದ್ದೆ. ಎಲ್ಲರಿಗೂ ಎರಡು ಹೆಸರು ಇರುತ್ತವೆ ಎಂದೇ ತಿಳಿದಿದ್ದೆ. ಇಂದು ಮಸ್ಕಿಯ ಹತ್ತಿರದ ಒಂದು ಶಾಲೆಯಲ್ಲಿ ಪಾಠ ಹೇಳುವ ನಾನು ರೇಣುಕಾ ಟೀಚರ್. ಆ ನೌಕರಿ ಬಂದದ್ದು ಆ ಕಾಗದದ ಮೇಲೆಯೇ. ಮಕ್ಕಳ ದಾಖಲಾತಿ ಅರ್ಜಿಯಲ್ಲಿ ಧರ್ಮದ ಕಾಲಂ ಬಂದಾಗ ನನ್ನ ಪೆನ್ನು ಈಗಲೂ ಅರೆಗಳಿಗೆ ನಿಲ್ಲುತ್ತದೆ. ಅದು ಯಾಕೆ ನಿಲ್ಲುತ್ತದೆ ಎಂದು ಹೇಳುವುದಕ್ಕೇ ಈ ಕೆಲವು ವರ್ಷಗಳ ಮಾತು.

ಅಪ್ಪ ಕಾಲುವೆಯ ತೂಬಿನ ಬಾಗಿಲು ಏರಿಸಿ ಇಳಿಸುವ ದಿನಗೂಲಿ ಆಳು. ಯಾರೋ ಕೊಟ್ಟ ಹಳೆಯ ಖಾಕಿ ಅಂಗಿಯನ್ನು ತೊಳೆದು ತೊಳೆದು ಬೆಳ್ಳಗಾದರೂ ಬಿಡದೆ ಹಾಕುತ್ತಿದ್ದ. ಸರಕಾರ ಎಂದರೆ ದೇವರು ತನ್ನ ಕೆಲಸಕ್ಕೆ ಇಟ್ಟುಕೊಂಡ ಆಳು ಎಂದು ನಂಬಿದ್ದ. ಆಳನ್ನು ಬೈದರೆ ಧಣಿಯನ್ನು ಬೈದ ಹಾಗೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ನಮ್ಮನ್ನು ಕೂಡಿಸಿಕೊಂಡು ಪ್ರಾರ್ಥನೆ ಮಾಡುವಾಗ ಮೊದಲು ದಿಲ್ಲಿಯವರು, ಆಮೇಲೆ ಬೆಂಗಳೂರಿನವರು, ಆಮೇಲೆ ಜಿಲ್ಲೆಯ ಸಾಹೇಬರು, ಕಡೆಗೆ ನೀರು ಬಿಡುವ ಇಂಜಿನಿಯರು, ಇವರೆಲ್ಲ ಆದ ಮೇಲೆ ನಾವು ಬರುತ್ತಿದ್ದೆವು. ಅಷ್ಟರಲ್ಲಿ ನನಗೆ ತೂಕಡಿಕೆ. ಪುಂಡಿಪಲ್ಲೆಯ ವಾಸನೆ ಒಲೆಯಿಂದ ಬರುತ್ತಿತ್ತು, ಸರಕಾರ ಬೇಗ ಮುಗಿಯಲಿ ಎಂದು ನಾನೂ ಪ್ರಾರ್ಥಿಸುತ್ತಿದ್ದೆ.

ನನ್ನ ತಮ್ಮ ಸಮುವೇಲ ಎಂಟು ತಿಂಗಳ ಕೂಸು. ಜ್ವರ ಬಂದು ಮೂರು ದಿನಕ್ಕೆ ಹೋದ. ಕೇರಿಗೆ ಮಣ್ಣು ಕೊಡುವ ಜಾಗವಿರಲಿಲ್ಲ. ಹಿಂದೆ ಹಳ್ಳದ ದಂಡೆಯಿತ್ತಂತೆ, ಕಾಲುವೆಯ ನೀರು ಬಂದ ಮೇಲೆ ಅದೆಲ್ಲ ಗದ್ದೆಯಾಯಿತು. ಸಭೆಯವರಾಗಲಿ ಅಲ್ಲದವರಾಗಲಿ ಕೇರಿಯ ಸತ್ತವರೆಲ್ಲ ಕಾಲುವೆಯ ದಂಡೆಗೆ ಹೋಗುತ್ತಿದ್ದರು. ಸಮುವೇಲನೂ ಅಲ್ಲಿಗೇ ಹೋದ. ಒಂದು ವರ್ಷ ಕಳೆದಿರಲಿಲ್ಲ, ದಂಡೆ ಅಗಲ ಮಾಡುವ ಕೆಲಸ ಬಂತು. ಮಣ್ಣು ತೋಡುವ ಯಂತ್ರದ ಮುಂದೆ ಕೆಂಪು ಬಟ್ಟೆ ಹಿಡಿದು ಜನರನ್ನು ತಡೆಯುವ ಕೆಲಸ ಅಪ್ಪನ ಪಾಲಿಗೆ ಬಿತ್ತು. ಒಂದು ದಿನ ತಡೆಯಿರಿ, ನಮ್ಮವರನ್ನು ಎತ್ತಿ ಬೇರೆ ಕಡೆ ಇಡುತ್ತೇವೆ ಎಂದು ಗುತ್ತಿಗೆದಾರನ ಮನುಷ್ಯನನ್ನು ಕೇಳಿದ. ಸಂಜೆಯೊಳಗೆ ಆ ತುಂಡು ಮುಗಿಯಬೇಕು ಎಂದು ಅವನು ಹೇಳಿದ. ಅಪ್ಪ ಮತ್ತೆ ಹೋಗಿ ಬಟ್ಟೆ ಹಿಡಿದು ನಿಂತ. ಸಿಕ್ಕದ್ದನ್ನು ತನ್ನ ಟವೆಲಿನಲ್ಲಿ ಕಟ್ಟಿಕೊಂಡು ಎಲ್ಲೋ ಒಂದು ಬದುವಿನಲ್ಲಿ ಇಟ್ಟು ಬಂದ. ಎಲ್ಲಿ ಎಂದು ಅವ್ವನಿಗೆ ಹೇಳಲಿಲ್ಲ. ಅವಳು ಅಲ್ಲಿಗೆ ಹೋಗಿ ಕೂತುಬಿಟ್ಟಾಳೆಂದು ಅವನಿಗೆ ಭಯ.

ಆ ಸಂಜೆಯೂ ಕಾಲು ತೊಳೆದು ಬಂದು ಪ್ರಾರ್ಥನೆಗೆ ಕೂತ. ದಿಲ್ಲಿಯಾಯಿತು, ಬೆಂಗಳೂರಾಯಿತು, ಜಿಲ್ಲೆಯ ಸಾಹೇಬರು ಬಂದರು. ಅವ್ವ ನಡುವೆಯೇ ಎದ್ದು ನಿಂತಳು.

“ನನ್ನ ಕೂಸಿನ ಮ್ಯಾಲೆ ಯಂತ್ರ ಹಾಯಿಸಿದವ್ರಿಗೆ ಆಶೀರ್ವಾದ ಬೇಡಾಕತ್ತೀಯಲ್ಲ, ನಿನ್ನ ನಾಲಿಗಿ ಹೆಂಗ ತಿರುಗ್ತೈತಿ?”

“ಬೈದ್ರ ಏನ್ ಬರ್ತೈತಿ ಶಾಂತಾ. ಅವರೂ ಹುಕುಂ ಮ್ಯಾಲೆ ಬಂದವ್ರು. ನಾನೂ ಹುಕುಂ ಮ್ಯಾಲೆ ನಿಂತವ.”

“ನೀ ನಿಂತದ್ದೇ ನನಗ ಸುಡಾಕತ್ತೈತಿ.”

ಅಂದಿನಿಂದ ಸಂಜೆಯ ಪ್ರಾರ್ಥನೆಯಲ್ಲಿ ಸರಕಾರದ ಸರದಿ ಬಂದಾಗ ಅವ್ವ ಎದ್ದು ಒಲೆಯ ಹತ್ತಿರ ಹೋಗುತ್ತಿದ್ದಳು, ನಮ್ಮ ಸರದಿಗೆ ವಾಪಸು ಬರುತ್ತಿದ್ದಳು. ಅಪ್ಪ ಕಣ್ಣು ತೆರೆಯುತ್ತಿರಲಿಲ್ಲ. ಆದರೆ ಅವಳು ಬಂದು ಕೂರುವವರೆಗೆ ನಮ್ಮ ಹೆಸರು ಹೇಳುತ್ತಿರಲಿಲ್ಲ.

ಮುಂದೆ ಪಂಚಾಯ್ತಿ ಚುನಾವಣೆ ಬಂದಾಗ ನಮ್ಮ ವಾರ್ಡು ಪರಿಶಿಷ್ಟ ಜಾತಿಯ ಹೆಣ್ಣುಮಗಳಿಗೆ ಮೀಸಲಾಯಿತು. ಅಂಥ ಸಲ ಊರಿನ ದೊಡ್ಡ ಹೊಲದವರು ತಮ್ಮ ಮನೆಗೆ ಕೂಲಿಗೆ ಬರುವ ಒಬ್ಬಳನ್ನು ನಿಲ್ಲಿಸುವುದು ವಾಡಿಕೆ. ಈ ಸಲ ಕೇರಿಯ ಜನ ಅವ್ವನನ್ನು ನಿಲ್ಲು ಎಂದರು. ಲಿಂಗಸುಗೂರಿನ ಹಾಸ್ಟೆಲಿನಲ್ಲಿದ್ದು ಎಂಟನೆಯ ಇಯತ್ತೆ ಓದಿದವಳು ಅವಳೊಬ್ಬಳೇ. ಅವ್ವ ಕೇಳಿದ್ದು ಒಂದೇ ಮಾತು, ಗೆದ್ದರೆ ನಾನು ಮೊದಲು ಸುಡುಗಾಡಿನ ಜಾಗಕ್ಕೆ ಓಡಾಡುತ್ತೇನೆ, ಉಳಿದದ್ದು ಆಮೇಲೆ, ಒಪ್ಪುತ್ತೀರಾ? ಒಪ್ಪಿದರು. ಪ್ರತಿ ತಿಂಗಳ ಮೊದಲ ಭಾನುವಾರ ಲಿಂಗಸುಗೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಪಾದ್ರಿಗಳಿಗೆ ಇದು ಸೇರಲಿಲ್ಲ. ಊಟದ ತಟ್ಟೆಯ ಮುಂದೆ ಕೂತು ಮೆಲ್ಲಗೆ ಹೇಳಿದರು.

“ರಾಜಕೀಯ ನಮಗ್ಯಾಕವ್ವ? ಆಳೋರಿಗಾಗಿ ಪ್ರಾರ್ಥನಿ ಮಾಡೋದು ನಮ್ಮ ಪಾಲಿಂದು. ಆ ಕುರ್ಚಿ ಮ್ಯಾಲೆ ಕುಂತು ಕೈ ಸ್ವಚ್ಛ ಇಟಗೊಂಡು ಎದ್ದವ್ರನ್ನ ನಾ ನೋಡಿಲ್ಲ.”

“ಸುಮ್ನ ಕುಂತವ್ರ ಕೈ ಸ್ವಚ್ಛ ಅದಾವೇನ್ರಿ?” ಎಂದು ಅವ್ವ ಅವರ ತಟ್ಟೆಗೆ ಅನ್ನ ಬಡಿಸಿದಳು. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ.

ಮತದಾನದ ದಿನ ಅಪ್ಪ ಖಾಕಿ ಅಂಗಿ ತೊಟ್ಟು ಸಾಲಿನಲ್ಲಿ ನಿಂತು ಬಂದ. ಯಾರಿಗೆ ಹಾಕಿದಿ ಎಂದು ದೊಡ್ಡವ್ವ ಕಾಡಿದಳು. “ಹೇಳಬಾರದು ಅಂತ ಸರಕಾರದ ಹುಕುಂ ಐತಿ” ಎಂದ. ಅವ್ವ ನಕ್ಕದ್ದು ಸಮುವೇಲ ಹೋದ ಮೇಲೆ ಅದೇ ಮೊದಲು. ಅವಳು ಗೆದ್ದಳು.

ಗೆದ್ದ ಮೇಲೆ ಎರಡು ವರ್ಷ ಅವ್ವ ಜವಳಗೇರಾ, ಸಿಂಧನೂರು ಎಂದು ಓಡಾಡಿದಳು. ಹಳ್ಳದ ಆಚೆ ದನ ಮೇಯಲು ಬಿಟ್ಟ ಸರಕಾರಿ ಗೈರಾಣದ ಒಂದು ಮೂಲೆಯಿತ್ತು. ಊರಿನ ಒಬ್ಬ ದೊಡ್ಡ ರೈತ ಅದನ್ನು ತನ್ನ ಗದ್ದೆಯೊಳಗೆ ಸೇರಿಸಿಕೊಂಡು ಉಳುತ್ತಿದ್ದ. ಅವ್ವ ಅದನ್ನು ಅಳೆಸಿದಳು. ಕೇರಿಯ ಸ್ಮಶಾನಕ್ಕೆ ಬಿಡಬೇಕೆಂದು ಪಂಚಾಯ್ತಿಯಲ್ಲಿ ಠರಾವು ಮಾಡಿಸಿದಳು. ಕಾಗದ ಮೇಲಕ್ಕೆ ಹೋದದ್ದೇ ಆ ರೈತನ ಕಡೆಯಿಂದ ತಕರಾರು ಅರ್ಜಿ ಬಿತ್ತು. ಜಾಗದ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ. ಈ ಸದಸ್ಯೆ ಕ್ರೈಸ್ತಳು, ಮನೆಯಲ್ಲೇ ಪ್ರಾರ್ಥನೆ ನಡೆಸುತ್ತಾರೆ, ಆದ್ದರಿಂದ ಪರಿಶಿಷ್ಟ ಜಾತಿಯ ಕುರ್ಚಿ ಇವಳದಲ್ಲ ಎಂದು ಬರೆದಿತ್ತು. ಅವಳು ಕೆಳಗಿಳಿದರೆ ಠರಾವೂ ಬೀಳುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಸಿಂಧನೂರಿಗೆ ಬಂದು ವಿಚಾರಣೆಗೆ ನಿಲ್ಲಬೇಕೆಂದು ನೋಟೀಸು ಬಂತು. ಅದಕ್ಕೆ ಮೊದಲು ಮನೆ ನೋಡಲು ಒಬ್ಬರು ಬರುತ್ತಾರೆ ಎಂದೂ ಗೊತ್ತಾಯಿತು.

ಹುಲಿಗೆಮ್ಮ ದೊಡ್ಡವ್ವ ಕುಂಕುಮದ ಭರಣಿ, ದೇವಿಯ ಚಿತ್ರವಿದ್ದ ಒಂದು ಕ್ಯಾಲೆಂಡರು ತಂದಳು. ಅವ್ವ ಸ್ಟೂಲಿನ ಮೇಲೆ ಹತ್ತಿ ಶಿಲುಬೆಯನ್ನು ಇಳಿಸಿ, ಹಳೆಯ ಸೀರೆಯಲ್ಲಿ ಸುತ್ತಿ ಒಳಗೆ ಒಯ್ದಳು. ಮೊಳೆ ಅಲ್ಲೇ ಇತ್ತು. ಅದಕ್ಕೇ ಕ್ಯಾಲೆಂಡರು ಹಾಕಿದಳು. ನೋಡಲು ಬಂದವನು ಹೊಸ್ತಿಲಲ್ಲೇ ನಿಂತು, ಗೋಡೆ ನೋಡಿ, ಏನೋ ಬರೆದುಕೊಂಡು ನೀರು ಕುಡಿಯದೆ ಹೋದ. ಸಂಜೆ ಅಪ್ಪ ಕೆಲಸದಿಂದ ಬಂದು ಗೋಡೆ ನೋಡಿದ.

“ಎಲ್ಲಿಟ್ಟಿ?”

“ಭತ್ತದ ಚೀಲದ ಹಿಂದ. ನಾಳಿ ಹೋಗಿ ಬಂದ ಮ್ಯಾಲೆ ಹಾಕ್ತೀನಿ.”

“ನಾಳಿ ಕೇಳಿದ್ರ ಏನ್ ಹೇಳ್ತಿ?”

“ಕಾಗದದಾಗ ಇದ್ದದ್ದು ಹೇಳ್ತೀನಿ. ನಿನ್ನ ಕಾಗದದಾಗೂ ಯಮನಪ್ಪ ಅಂತ ಐತಲ್ಲ?”

“ಅದು ನಮ್ಮಪ್ಪ ಇಟ್ಟ ಹೆಸರು. ನನ್ನ ಯಾರೂ ಬಾಯಿಬಿಟ್ಟು ಕೇಳಿಲ್ಲ. ಕೇಳಿದ್ರ ಹೇಳತಿದ್ದೆ.”

“ಕೇಳೋತನಕ ಸುಮ್ನಿದ್ರ ಪಾಪ ಇಲ್ಲ, ಕೇಳಿದಾಗ ಹೇಳಿದ್ರ ಪಾಪ! ಭಾಳ ಅನುಕೂಲ ಮಾಡಿ ಕೊಟ್ಟಾನ ನಿನ್ನ ದೇವರು.”

“ನಿನ್ನ ದೇವರು ಅಲ್ಲೇನು?” ಎಂದು ಅಪ್ಪ ಕೇಳಿದ. ಅವನ ದನಿ ಏರಿರಲಿಲ್ಲ. ಅವ್ವ ರೊಟ್ಟಿ ಬಡಿಯತೊಡಗಿದಳು. ಆ ಸಂಜೆ ಪ್ರಾರ್ಥನೆ ಆಗಲಿಲ್ಲ. ನನ್ನ ನೆನಪಿನಲ್ಲಿ ಪ್ರಾರ್ಥನೆ ಇಲ್ಲದ ಸಂಜೆ ಅದೊಂದೇ.

ಮರುದಿನ ಶಾಲೆಗೆ ರಜೆ, ನನ್ನನ್ನೂ ಕರೆದುಕೊಂಡು ಹೋದರು. ಅವ್ವನ ಹಣೆಯಲ್ಲಿ ಕುಂಕುಮ ಇದ್ದದ್ದನ್ನು ನಾನು ಮೊದಲ ಸಲ ನೋಡಿದೆ. ಚೆನ್ನಾಗಿಯೇ ಕಾಣುತ್ತಿದ್ದಳು, ಅದೇ ನನಗೆ ಅಳು ತರಿಸಿತು. ಅಧಿಕಾರಿ ಕೆಟ್ಟ ಮನುಷ್ಯನಲ್ಲ. ಮುಂದೆ ಕಾಗದಗಳ ರಾಶಿ, ಕಣ್ಣಿನಲ್ಲಿ ನಿದ್ದೆ. ಬೇಗ ಮುಗಿಸಬೇಕೆಂದು ಇಬ್ಬರಿಗೂ ಕುರ್ಚಿ ತೋರಿಸಿದರು. ಅವ್ವ ಕೂತಳು. ಅಪ್ಪ ಕೂರಲಿಲ್ಲ.

“ಯಾವ ಧರ್ಮಮ್ಮ ನಿಮ್ದು?”

“ಕಾಗದದಾಗ ಬರ್ದೈತಲ್ರೀ ಸಾಹೇಬ್ರ.”

“ಬಾಯಿಲೆ ಹೇಳ್ಬೇಕಾಗ್ತದ.”

ಅವ್ವ ನನ್ನ ಕೈ ಹಿಡಿದಿದ್ದಳು.

“ಹಿಂದೂರೀ” ಎಂದಳು. ಅವರು ಮುಂದಿಟ್ಟ ಹಾಳೆಯ ಮೇಲೆ ಹಾಸ್ಟೆಲಿನಲ್ಲಿ ಕಲಿತ ದುಂಡನೆಯ ಅಕ್ಷರದಲ್ಲಿ ಸಹಿ ಹಾಕಿದಳು. ಅಧಿಕಾರಿ ಅಪ್ಪನ ಕಡೆ ತಿರುಗಿದರು.

“ಏನಪ್ಪ, ನಿನ್ನ ಹೆಂಡ್ತಿ ಹೇಳಿದ್ದು ಖರೇ ಏನು?”

ಮೇಲೆ ತಿರುಗುತ್ತಿದ್ದ ಪಂಖದ ಕಟಕಟ ಸದ್ದು ಕೇಳುತ್ತಿತ್ತು.

“ನಾ ಕ್ರೈಸ್ತ ಅದೀನ್ರಿ.”

“ನಿಂದು ಯಾರು ಕೇಳ್ಯಾರಪ್ಪ? ಆಕೀದು ಹೇಳು.”

“ಆಕೀದು ಆಕಿ ಹೇಳ್ಯಾಳ್ರಿ.”

ಅಧಿಕಾರಿ ಪೆನ್ನು ಕೆಳಗಿಟ್ಟು ಅಪ್ಪನನ್ನೇ ನೋಡಿದರು. ಆಮೇಲೆ ಅದೇ ಮಾತನ್ನು ಬರೆದುಕೊಂಡು ಅಪ್ಪನಿಂದಲೂ ಸಹಿ ತೆಗೆದುಕೊಂಡರು. ಬಸ್ಸಿನಲ್ಲಿ ಬರುವಾಗ ಅವ್ವ ಸೆರಗಿನ ತುದಿಗೆ ಉಗುಳು ಹಚ್ಚಿ ಹಣೆ ಒರೆಸಿಕೊಂಡಳು. ಕೆಂಪು ಪೂರ್ತಿ ಹೋಗಲಿಲ್ಲ. ಅಪ್ಪ ಇನ್ನೊಂದು ಬದಿಯ ಸೀಟಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಇಬ್ಬರೂ ನನ್ನೊಡನೆ ಮಾತಾಡಿದರು, ಒಬ್ಬರೊಡನೊಬ್ಬರು ಆಡಲಿಲ್ಲ.

ಅವ್ವನ ಕುರ್ಚಿ ಉಳಿಯಿತು. ಆರು ತಿಂಗಳ ನಂತರ ಜಾಗವೂ ಮಂಜೂರಾಯಿತು. ಅಪ್ಪನನ್ನು ಮುಂದಿನ ಹಂಗಾಮಿಗೆ ಕೆಲಸಕ್ಕೆ ಕರೆಯಲಿಲ್ಲ. ಖಾಯಂ ಆಗುವವರ ಪಟ್ಟಿಯಲ್ಲಿ ಇದ್ದ ಹೆಸರೂ ಹೋಯಿತು. ಕಚೇರಿಯಲ್ಲಿ ಆಡಿದ ಮಾತಿನಿಂದಲೇ ಹೋಯಿತೆಂದು ಅವ್ವ ಕೊನೆಯವರೆಗೂ ನಂಬಿದ್ದಳು. ನೀರು ಕಡಿಮೆಯಿತ್ತು, ಆಳು ಕಡಿಮೆ ಮಾಡಿದರು ಎಂದು ಅಪ್ಪ ಹೇಳುತ್ತಿದ್ದ. ಅವನು ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ಗದ್ದೆಗೆ ಕೂಲಿಗೆ ಹೋಗತೊಡಗಿದ, ಅದೇ ಖಾಕಿ ಅಂಗಿಯಲ್ಲಿ.

ಸುದ್ದಿ ಲಿಂಗಸುಗೂರು ಮುಟ್ಟಿತು. ಮುಂದಿನ ತಿಂಗಳು ಪಾದ್ರಿಗಳು ಬಂದು, ಎಲ್ಲರ ಎದುರಿಗೆ, ಸಭೆಯ ಹಿರಿಯನಾದ ಅಪ್ಪನನ್ನು ಕೇಳಿದರು. ಶಾಂತಮ್ಮ ಹಾಗೆ ಹೇಳಿದ್ದು ಹೌದೇ? ಅಪ್ಪ ಹೌದು ಎಂದ. ಪಾದ್ರಿಗಳ ಕಣ್ಣಲ್ಲಿ ನೀರು ಬಂತು, ಅದನ್ನು ನಾನು ಸುಳ್ಳು ಎನ್ನಲಾರೆ. ಬಾಯಿಂದ ಅಲ್ಲಗಳೆದವರು ಸಭೆಯ ಮುಂದೆ ಮೊಣಕಾಲೂರಿ ತಪ್ಪು ಎನ್ನುವವರೆಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಿರಸ ತೆಗೆದುಕೊಳ್ಳುವ ಹಾಗಿಲ್ಲ ಎಂದರು.

“ತಪ್ಪಾತು ಅಂದ್ಬಿಡವ್ವ. ಒಂದ ಮಾತು.”

“ಸುಳ್ಳು ಹೇಳಿದ್ದು ತಪ್ಪು ಅಂತೀನ್ರಿ. ಸಹಿ ಹಾಕಿದ್ದು ತಪ್ಪು ಅನ್ನಂಗಿಲ್ಲ. ಮಣ್ಣು ಕೊಡಾಕ ನೀವು ಬೇರೆ ಕಡೆ ಜಾಗ ಕೊಡಸ್ತೀರೇನು? ಕೊಡಸ್ತೀನಿ ಅನ್ರಿ, ಈಗ ಮೊಣಕಾಲೂರ್ತೀನಿ.”

ಪಾದ್ರಿಗಳು ಅಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡಿದ.

ಹಾಗೆ ಅವ್ವ ತನ್ನ ಮನೆಯ ಪಡಸಾಲೆಯಲ್ಲಿ ಬಾಗಿಲ ಹತ್ತಿರ, ಚಾಪೆ ಮುಗಿದ ಮೇಲಿನ ಬರೀ ನೆಲದಲ್ಲಿ ಕೂರತೊಡಗಿದಳು. ಹೊಸ್ತಿಲ ಆಚೆ ಅವಳ ಅಕ್ಕ, ಈಚೆ ಅವಳು. ತಿಂಗಳ ಮೊದಲ ಭಾನುವಾರದ ರೊಟ್ಟಿ ಮಾಡುವುದು ಮಾತ್ರ ಅವಳ ಕೆಲಸವಾಗಿಯೇ ಉಳಿಯಿತು, ಬೇರೆ ಯಾರ ಮನೆಯಲ್ಲೂ ಗೋಧಿ ಹಿಟ್ಟು ಇರುತ್ತಿರಲಿಲ್ಲ. ಉಪ್ಪಿಲ್ಲದ ಒಂದು ಚಪಾತಿ ಸುಟ್ಟು, ತೆಗೆದುಕೊಳ್ಳುವವರು ಎಷ್ಟು ಮಂದಿಯೋ ಅಷ್ಟೇ ಚೂರು ಮಾಡಿ, ಒಣದ್ರಾಕ್ಷಿ ಕುದಿಸಿ ಸೋಸಿ, ತಟ್ಟೆ ಲೋಟಗಳನ್ನು ಬಿಳಿ ಬಟ್ಟೆಯಲ್ಲಿ ಮುಚ್ಚಿ ಕೊಟ್ಟು, ಬಂದು ಬಾಗಿಲಲ್ಲಿ ಕೂರುವಳು. ಪಾದ್ರಿಗಳು ಪ್ರಾರ್ಥಿಸಿದ ಮೇಲೆ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬರುವವನು ಅಪ್ಪ. ಕೊನೆಯ ಚಾಪೆಯವರೆಗೆ ಬಂದು, ಅವ್ವನಿಂದ ಎರಡು ಹೆಜ್ಜೆ ದೂರದಲ್ಲಿ ತಿರುಗಿ ಹೋಗುತ್ತಿದ್ದ. ಆ ತಿರುಗುವಿಕೆಯನ್ನು ನಾನು ಪ್ರತಿ ತಿಂಗಳು ನೋಡಿದೆ. ಹನ್ನೆರಡು ವರ್ಷದವಳಿದ್ದಾಗ ನೋಡಿದೆ, ಹದಿನೆಂಟರಲ್ಲೂ ನೋಡಿದೆ. ಅಪ್ಪನನ್ನು ನಾನು ದ್ವೇಷಿಸಲು ಕಲಿತದ್ದು ಅಲ್ಲಿ.

ಹೊಸ ಜಾಗಕ್ಕೆ ಮೊದಲು ಹೋದವಳು ಸಭೆಯ ಮುದುಕಿ ಎಲಿಸಮ್ಮ. ಪಾದ್ರಿಗಳೇ ಬಂದು ಮಣ್ಣು ಕೊಟ್ಟು ಪ್ರಾರ್ಥನೆ ಮಾಡಿದರು. ಅವ್ವ ಮುಳ್ಳುಬೇಲಿಯ ಹೊರಗೆ ನಿಂತಿದ್ದಳು. ಎಲಿಸಮ್ಮನ ಮೊಮ್ಮಕ್ಕಳು ತಲೆಯ ಕಡೆ ಒಂದು ಕಟ್ಟಿಗೆಯ ಶಿಲುಬೆ ನೆಟ್ಟರು. ಎಲ್ಲರೂ ಹೋದ ಮೇಲೆ ಅವ್ವ ಒಳಗೆ ಹೋಗಿ, ಎರಡೂ ಕೈಯಿಂದ ಅಲ್ಲಾಡಿಸಿ ಅದನ್ನು ಕಿತ್ತಳು. ಬೇಲಿಗೆ ಕಟ್ಟಿದ ಹಲಗೆಯ ಮೇಲೆ ಪರಿಶಿಷ್ಟ ಜಾತಿಯವರ ಸ್ಮಶಾನ ಎಂದು ಬರೆದಿತ್ತು. ಶಿಲುಬೆ ಕಂಡರೆ ಆ ರೈತ ಮತ್ತೆ ಅರ್ಜಿ ಹಾಕುವನು, ಜಾಗ ಹೋಗುವುದು. ಅದನ್ನು ಅವಳು ಎಲಿಸಮ್ಮನ ಮನೆಗೆ ಒಯ್ದು ಕೊಟ್ಟು ಇಷ್ಟನ್ನೂ ತಿಳಿಸಿ ಹೇಳಿದಳು. ಮೊಮ್ಮಗ ಅವಳ ಮುಖದ ಮೇಲೆ ಉಗುಳಿದ. ಅವ್ವ ಒರೆಸಿಕೊಂಡು ಮನೆಗೆ ಬಂದು ಎಮ್ಮೆಗೆ ಹುಲ್ಲು ಹಾಕಿದಳು. ಮುಂದಿನ ಚುನಾವಣೆಗೆ ಅವಳನ್ನು ಯಾರೂ ನಿಲ್ಲು ಎನ್ನಲಿಲ್ಲ. ಆ ಜಾಗದಲ್ಲಿ ಇಂದಿಗೂ ಒಂದೂ ಶಿಲುಬೆ ಇಲ್ಲ, ಬರೀ ಕಲ್ಲುಗಳಿವೆ.

ಅವ್ವನಿಗೆ ಗರ್ಭಕೋಶದ ರೋಗ ಬಂದಾಗ ನನಗೆ ಆಗಷ್ಟೇ ನೌಕರಿ ಸಿಕ್ಕಿತ್ತು. ದವಾಖಾನೆಯವರು ಮನೆಗೆ ಕರೆದೊಯ್ಯಿರಿ ಎಂದ ಮೇಲೆ ಒಂದು ಮಧ್ಯಾಹ್ನ ಅವಳ ಕಾಲು ಒತ್ತುತ್ತ ಕೂತಿದ್ದೆ. ಅಪ್ಪ ಗದ್ದೆಗೆ ಹೋಗಿದ್ದ. ಇಷ್ಟು ವರ್ಷ ಅವನು ನಿನ್ನ ಮುಂದೆ ತಿರುಗಿ ಹೋದನಲ್ಲ, ಒಂದು ದಿನವಾದರೂ ತಟ್ಟೆ ಮುಂದೆ ಚಾಚಲಿಲ್ಲವಲ್ಲ ಎಂದೆ. ಅವ್ವ ಕಣ್ಣು ಮುಚ್ಚಿಯೇ ಹೇಳಿದಳು.

“ಚೂರು ಮಾಡಾಕಿ ನಾನಲ್ಲೇನು? ಮಂದಿಗೆ ಸರಿಯಾಗಿ ಮಾಡತಿದ್ದೆ. ಪ್ರತಿ ಸಲ ತಟ್ಟ್ಯಾಗ ಒಂದು ತಿರುಗಿ ಬರತಿತ್ತು. ಎಲ್ಲಾರಿಗೂ ಕೊಟ್ಟ ಮ್ಯಾಲೆ ತನ್ನ ಪಾಲಿಂದು ಆತ ತಿಂತಿರಲಿಲ್ಲ.”

ಉಳಿದ ರೊಟ್ಟಿಯನ್ನು ಚೆಲ್ಲುವಂತಿಲ್ಲ, ಕೋಳಿಗೆ ಹಾಕುವಂತಿಲ್ಲ. ತಟ್ಟೆ ತೊಳೆಯುವವರೇ ತಿನ್ನಬೇಕೆಂದು ನಮ್ಮಲ್ಲಿ ನಡೆದು ಬಂದಿತ್ತು. ಸಭೆ ಮುಗಿದ ಮೇಲೆ ಅವ್ವ ಒಲೆಯ ಕಡೆ ಮುಖ ಮಾಡಿ ಏನೋ ಬಾಯಿಗೆ ಹಾಕಿಕೊಳ್ಳುವುದನ್ನು ನಾನು ಎಷ್ಟು ಸಲ ನೋಡಿದ್ದೆ. ಹಸಿದಿರುತ್ತಾಳೆ ಎಂದುಕೊಂಡಿದ್ದೆ.

“ಅಪ್ಪಗ ಗೊತ್ತೈತೇನು, ನೀ ತಿಂದದ್ದು?”

“ನಾ ಕೇಳಿಲ್ಲ. ಆತ ಹೇಳಿಲ್ಲ.”

ಹದಿನೈದು ದಿನಕ್ಕೆ ಅವಳು ಹೋದಳು. ತಾನು ಕೊಡಿಸಿದ ಮಣ್ಣಿಗೇ ಹೋದಳು. ಪಾದ್ರಿಗಳು ಬರಲಿಲ್ಲ. ಅಪ್ಪನೇ ಪ್ರಾರ್ಥನೆ ಮಾಡಿದ, ಯಾವ ಸಾಹೇಬರ ಹೆಸರೂ ಬರಲಿಲ್ಲ. ಈಗ ಅವನು ಮಸ್ಕಿಯಲ್ಲಿ ನನ್ನ ಮನೆಯಲ್ಲೇ ಇದ್ದಾನೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಅವನಿಗೆ ಊಟಕ್ಕೆ ಬಡಿಸುತ್ತ, ಅವ್ವ ಹೇಳಿದ್ದನ್ನು ಹೇಳಿದೆ. ಅವಳಿಗೆ ಗೊತ್ತಿತ್ತು, ನೀನು ಅವಳಿಗೆಂದೇ ಬಿಡುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು ಎಂದೆ. ಅವನಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೂತ.

“ಅದು ದೊಡ್ಡದಲ್ಲವ್ವ” ಎಂದ. “ಪಾದ್ರಿಗೋಳ ಮಾತೂ ಮೀರಬಾರದು, ಆಕೀನೂ ಉಪವಾಸ ಇರಬಾರದು ಅಂತ ಕದ್ದು ಮಾಡಿದ್ದು. ಎರಡ ಹೆಜ್ಜಿ ಇತ್ತು. ಎಲ್ಲಾರ ಮುಂದ ಎರಡ ಹೆಜ್ಜಿ ನಡದು ಕೈಯಾಗ ಕೊಡಬೇಕಿತ್ತು. ಕೊಡಲಿಲ್ಲ.”